ಹೆಸರಿಗೆ ಮ್ಯಾನೇಜರ್, ಎಸರಿಗೆ?

‘ಹೆಸರಿಗೆ ಹೊನ್ನ ಹೆಗ್ಗಡೆ, ಎಸರಿಗೆ ಅಕ್ಕಿಯಿಲ್ಲ’ ಎಂಬುದು ನಮ್ಮ ಹಿರಿಯರ ಗಾದೆ. ಅಂಗಡಿ, ಮಾಲ್, ಷೋರೂಂಗಳಲ್ಲಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರ ನೇಮಕಾತಿ ಪತ್ರಗಳನ್ನು ನೋಡಿದಾಗ ಈ ಗಾದೆ ನೆನಪಿಗೆ ಬರುತ್ತದೆ. ‘ಸೇಲ್ಸ್‌ಮನ್’, ‘ಸೇಲ್ಸ್ ಗರ್ಲ್’ ಎಂಬ ಹಳೆಯ ಹೆಸರುಗಳು ಮೂಲೆ ಸೇರಿವೆ. ಅವುಗಳ ಜಾಗದಲ್ಲಿ ‘ಕಸ್ಟಮರ್ ಎಕ್ಸಿಕ್ಯುಟಿವ್’, ‘ಟೀಮ್ ಲೀಡರ್’, ‘ಫ್ಲೋರ್ ಮ್ಯಾನೇಜರ್’, ‘ಅಸಿಸ್ಟೆಂಟ್ ಸ್ಟೋರ್ ಮ್ಯಾನೇಜರ್’ ಬಂದು ಕುಳಿತಿವೆ. ಡಿಗ್ರಿ ಮುಗಿಸಿದ ವರ್ಷವೇ ಮಗ ಮ್ಯಾನೇಜರ್ ಆದನೆಂದರೆ ಯಾವ ತಂದೆತಾಯಿಗೆ ಸಂತೋಷವಾಗದು? ನೆಂಟರಿಷ್ಟರಿಗೆಲ್ಲ ಹೇಳಿ ಸಂಭ್ರಮಿಸುವುದೂ ಸಹಜವೇ.

ಹೆಸರಿನಲ್ಲಿ ತಪ್ಪಿಲ್ಲ. ಆದರೆ ಹೆಸರಿನ ಜತೆಗೇ ಸದ್ದಿಲ್ಲದೆ ಇನ್ನೊಂದು ಬದಲಾವಣೆ ಆಗುವುದುಂಟು. ನಿನ್ನೆಯವರೆಗೆ ಅವಧಿ ಮೀರಿ ದುಡಿದ ಗಂಟೆಗಳಿಗೆ ಸಿಗುತ್ತಿದ್ದ ಹೆಚ್ಚುವರಿ ಹಣ, ಅಂದರೆ ಓವರ್‌ಟೈಂ, ಇಂದಿನಿಂದ ನಿಂತುಹೋಗುತ್ತದೆ. ‘ನೀವೀಗ ಮ್ಯಾನೇಜರ್, ಮ್ಯಾನೇಜರಿಗೆಲ್ಲಿಯ ಓಟಿ?’ ಎಂಬ ಉತ್ತರ ಬರುತ್ತದೆ. ಕೆಲಸ ಮಾತ್ರ ಮೊದಲಿನದೇ. ಅದೇ ರ್ಯಾಕ್ ಜೋಡಿಸುವುದು, ಅದೇ ಗಲ್ಲಾ, ಅದೇ ಬಿಲ್ಲು, ರಾತ್ರಿ ಷಟರ್ ಎಳೆಯುವ ಮುನ್ನ ಅದೇ ಸ್ಟಾಕ್ ಎಣಿಕೆ. ಹಾಗಾದರೆ ಬದಲಾದದ್ದೇನು?

ಈ ಪ್ರಶ್ನೆ ಅಮೆರಿಕದ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಚರ್ಚೆಯಾಗಿದೆ. ಅಲ್ಲಿನ ಕಥೆ ನಮಗೇಕೆ ಎನ್ನಬೇಡಿ. ನಮ್ಮ ಕಾಯ್ದೆಯಲ್ಲೂ ಅಂಥದೇ ಒಂದು ಬಾಗಿಲಿದೆ. ಆ ಬಾಗಿಲಲ್ಲಿ ಯಾರು ಹಾಯಬಹುದು, ಯಾರನ್ನು ಸುಮ್ಮನೆ ತಳ್ಳಲಾಗುತ್ತದೆ ಎಂಬುದನ್ನು ತಿಳಿಯಲು ಅಲ್ಲಿನ ಒಂದು ಮೊಕದ್ದಮೆ ತುಂಬ ಸಹಾಯಕ.

<b>ನಲವತ್ತು ಗಂಟೆಯ ಕಾಯ್ದೆ</b>

1938ರ ಜೂನ್ 25ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ‘ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆಕ್ಟ್’ ಎಂಬ ಕಾಯ್ದೆಗೆ ಸಹಿ ಹಾಕಿದರು. ದೇಶ ಭಾರೀ ಆರ್ಥಿಕ ಕುಸಿತದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಕಾಲ ಅದು. ಒಬ್ಬನಿಂದಲೇ ವಾರಕ್ಕೆ ಅರವತ್ತು ಗಂಟೆ ದುಡಿಸುವ ಬದಲು ಇನ್ನೊಬ್ಬನಿಗೂ ಕೆಲಸ ಕೊಡಲಿ ಎಂಬುದು ಒಂದು ಉದ್ದೇಶ. ದುಡಿಯುವವನಿಗೆ ವಿಶ್ರಾಂತಿ ಸಿಗಲಿ ಎಂಬುದು ಇನ್ನೊಂದು. ಕಾಯ್ದೆ ಹೆಚ್ಚು ಹೊತ್ತು ದುಡಿಸಬಾರದೆಂದು ಹೇಳಲಿಲ್ಲ. ದುಡಿಸಿದರೆ ಹೆಚ್ಚು ಕೊಡಬೇಕು ಎಂದಿತು. ವಾರದ ಮಿತಿ ಮೊದಲು 44 ಗಂಟೆ ಇದ್ದದ್ದು 1940ರ ಹೊತ್ತಿಗೆ 40ಕ್ಕೆ ಇಳಿಯಿತು. ಅದರಾಚೆಗಿನ ಪ್ರತಿ ಗಂಟೆಗೂ ಒಂದೂವರೆ ಪಟ್ಟು ಕೂಲಿ. ಈ ನಿಯಮ ಇಂದಿಗೂ ಇದೆ.

ಅಂಗಡಿ ನೌಕರರಿಗೆ ಈ ಭಾಗ್ಯ ಮೊದಲಿಗೇ ಸಿಗಲಿಲ್ಲ. ಸ್ಥಳೀಯ ಚಿಲ್ಲರೆ ಅಂಗಡಿಗಳನ್ನು 1938ರ ಕಾಯ್ದೆ ಹೊರಗಿಟ್ಟಿತ್ತು. 1961ರಲ್ಲಿ, ಕೆನಡಿಯವರ ಕಾಲದಲ್ಲಿ ಆದ ತಿದ್ದುಪಡಿಯಿಂದ ದೊಡ್ಡ ಚಿಲ್ಲರೆ ವ್ಯಾಪಾರ ಸಂಸ್ಥೆಗಳು ಇದರ ವ್ಯಾಪ್ತಿಗೆ ಬಂದವು. ಆಗಿನ ಮೈಸೂರು ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ 1961ರದೇ ಎಂಬುದು ಕಾಕತಾಳೀಯ.

ಇನ್ನು ಆ ಬಾಗಿಲಿನ ಸಂಗತಿ. ಕಾಯ್ದೆ ಹುಟ್ಟಿದ ದಿನದಿಂದಲೂ ಕೆಲವರಿಗೆ ಓವರ್‌ಟೈಂ ಕೊಡಬೇಕಿಲ್ಲ ಎಂಬ ವಿನಾಯಿತಿ ಇದೆ. ನಿಜವಾದ ಆಡಳಿತಗಾರರು, ವೃತ್ತಿಪರರು, ಹೊರಗೆ ತಿರುಗಾಡಿ ಮಾರಾಟ ಮಾಡುವವರು ಈ ಪಟ್ಟಿಯಲ್ಲಿದ್ದಾರೆ. ಇದಕ್ಕೆ ಕಾರಣವೂ ಇದೆ. ಆಡಳಿತಗಾರನ ಕೆಲಸವನ್ನು ಗಂಟೆಯಲ್ಲಿ ಅಳೆಯುವುದು ಕಷ್ಟ. ತನ್ನ ಹೊತ್ತನ್ನು ಅವನೇ ನಿರ್ಧರಿಸುತ್ತಾನೆ. ಸಂಬಳವೂ ಕೈತುಂಬ ಇರುತ್ತದೆ. ಅಂಥವನಿಗೆ ಕಾಯ್ದೆಯ ಆಸರೆ ಬೇಕಿಲ್ಲ ಎಂಬುದು ಲೆಕ್ಕಾಚಾರ.

ಅಂಗಡಿಯ ಮ್ಯಾನೇಜರ್ ಈ ಪಟ್ಟಿಗೆ ಸೇರಬೇಕಾದರೆ ಕೆಲವು ಷರತ್ತುಗಳು ಪೂರೈಕೆಯಾಗಬೇಕು. ಗಂಟೆ ಲೆಕ್ಕವಿಲ್ಲದ ನಿಗದಿತ ಸಂಬಳ ಒಂದು ಮಟ್ಟಕ್ಕಿಂತ ಮೇಲಿರಬೇಕು. ಮುಖ್ಯ ಕೆಲಸ ಆಡಳಿತವಾಗಿರಬೇಕು. ಕೈಕೆಳಗೆ ಕನಿಷ್ಠ ಇಬ್ಬರು ಪೂರ್ಣಾವಧಿ ನೌಕರರಾದರೂ ಇರಬೇಕು. ಕೆಲಸಕ್ಕೆ ತೆಗೆದುಕೊಳ್ಳುವ, ತೆಗೆದುಹಾಕುವ ಅಧಿಕಾರ ಇರಬೇಕು, ಇಲ್ಲವೇ ಆ ವಿಷಯದಲ್ಲಿ ಅವನ ಮಾತಿಗೆ ತೂಕವಿರಬೇಕು. ಈ ಕೊನೆಯ ಷರತ್ತು ಈಗಿನ ರೂಪದಲ್ಲಿ ಸೇರಿದ್ದು 2004ರಲ್ಲಿ. ಹೆಸರಿನ ಫಲಕದಲ್ಲಿ ‘ಮ್ಯಾನೇಜರ್’ ಎಂದು ಬರೆದ ಮಾತ್ರಕ್ಕೆ ಯಾರೂ ಮ್ಯಾನೇಜರ್ ಆಗುವುದಿಲ್ಲ ಎಂದು ಅಲ್ಲಿನ ನಿಯಮವೇ ಸ್ಪಷ್ಟಪಡಿಸಿದೆ.

ಸಂಬಳದ ಮಟ್ಟ 2020ರ ಜನವರಿಯಿಂದ ವಾರಕ್ಕೆ 684 ಡಾಲರ್. ಇದನ್ನು ಏರಿಸಲು 2024ರಲ್ಲಿ ಸರ್ಕಾರ ನಿಯಮ ತಂದಿತ್ತು. ಆ ವರ್ಷದ ನವೆಂಬರಿನಲ್ಲಿ ಟೆಕ್ಸಾಸ್‌ನ ನ್ಯಾಯಾಲಯವೊಂದು ಅದನ್ನು ರದ್ದು ಮಾಡಿತು.

<b>1,424 ಮ್ಯಾನೇಜರುಗಳು</b>

‘ಫ್ಯಾಮಿಲಿ ಡಾಲರ್’ ಎಂಬುದು ಅಮೆರಿಕದಲ್ಲಿ ಅಗ್ಗದ ಸರಕು ಮಾರುವ ಅಂಗಡಿಗಳ ದೊಡ್ಡ ಸಾಲು. 1959ರಲ್ಲಿ ನಾರ್ತ್ ಕೆರೊಲೈನಾದ ಶಾರ್ಲಟ್ ನಗರದಲ್ಲಿ ಒಂದು ಅಂಗಡಿಯಿಂದ ಆರಂಭವಾದ ಸಂಸ್ಥೆ, ನಮ್ಮ ಕಥೆಯ ಕಾಲಕ್ಕೆ ಸಾವಿರಗಟ್ಟಲೆ ಅಂಗಡಿಗಳನ್ನು ನಡೆಸುತ್ತಿತ್ತು. ದಿನಸಿ, ಬಟ್ಟೆಬರೆ, ಮನೆಬಳಕೆಯ ಸಾಮಾನು ಎಲ್ಲವೂ ಅಲ್ಲಿ ಸಿಗುತ್ತಿದ್ದವು. ಪ್ರತಿ ಅಂಗಡಿಗೂ ಒಬ್ಬ ಸ್ಟೋರ್ ಮ್ಯಾನೇಜರ್. ಆ ಅಂಗಡಿಯಲ್ಲಿ ನಿಗದಿತ ಸಂಬಳ ಪಡೆಯುವವರು ಅವರು. ಉಳಿದವರಿಗೆ ಗಂಟೆ ಲೆಕ್ಕದ ಕೂಲಿ, ಜತೆಗೆ ಓವರ್‌ಟೈಂ.

2001ರ ಜನವರಿಯಲ್ಲಿ ಅಲಬಾಮಾ ರಾಜ್ಯದ ಫೆಡರಲ್ ನ್ಯಾಯಾಲಯದಲ್ಲಿ ಇಬ್ಬರು ಮ್ಯಾನೇಜರುಗಳು ದಾವೆ ಹೂಡಿದರು. ‘ನಾವು ಹೆಸರಿಗಷ್ಟೇ ಮ್ಯಾನೇಜರುಗಳು, ನಮಗೆ ಓವರ್‌ಟೈಂ ಬರಬೇಕು’ ಎಂಬುದು ಅವರ ವಾದ. ಅಲ್ಲಿನ ಕಾಯ್ದೆಯಲ್ಲಿ ಒಂದು ವಿಶೇಷವಿದೆ. ಒಂದೇ ಬಗೆಯ ಅನ್ಯಾಯಕ್ಕೆ ಒಳಗಾದ ನೌಕರರು ಒಟ್ಟಾಗಿ ದಾವೆಯಲ್ಲಿ ಸೇರಬಹುದು. ಆದರೆ ಪ್ರತಿಯೊಬ್ಬರೂ ತಾವಾಗಿ ಲಿಖಿತ ಒಪ್ಪಿಗೆ ಕೊಟ್ಟು ಸೇರಬೇಕು. ‘ನನ್ನ ಪರವಾಗಿ ಯಾರೋ ಹೋರಾಡುತ್ತಾರೆ’ ಎಂದು ಸುಮ್ಮನೆ ಕುಳಿತವರಿಗೆ ಪಾಲಿಲ್ಲ. ಹೀಗೆ ಸೇರಿದವರಲ್ಲಿ ಕೊನೆಗೆ ಉಳಿದು ವಿಚಾರಣೆಗೆ ಬಂದವರು 1,424 ಮಂದಿ.

ನ್ಯಾಯಾಲಯದ ಮುಂದೆ ಬಂದ ಸಾಕ್ಷ್ಯವನ್ನು ಸ್ವಲ್ಪ ವಿವರವಾಗಿ ನೋಡೋಣ. ಮೊಕದ್ದಮೆಯ ಜೀವ ಅಲ್ಲೇ ಇದೆ. ಈ ಮ್ಯಾನೇಜರುಗಳು ವಾರಕ್ಕೆ 60ರಿಂದ 70 ಗಂಟೆ ದುಡಿಯುತ್ತಿದ್ದರು. ಅದರಲ್ಲಿ ನೂರಕ್ಕೆ 80ರಿಂದ 90 ಪಾಲು ಹೊತ್ತು ಮೈಮುರಿಯುವ ಕೆಲಸಕ್ಕೇ ಹೋಗುತ್ತಿತ್ತು. ಲಾರಿಯಿಂದ ಸರಕು ಇಳಿಸುವುದು, ರ್ಯಾಕ್‌ಗಳಲ್ಲಿ ಜೋಡಿಸುವುದು, ಗಲ್ಲಾದಲ್ಲಿ ನಿಲ್ಲುವುದು, ನೆಲ ಒರೆಸುವುದು, ಶೌಚಾಲಯ ತೊಳೆಯುವುದು, ವಾಹನ ನಿಲ್ಲಿಸುವ ಜಾಗ ಗುಡಿಸುವುದು.

ಹೀಗೇಕಾಯಿತು? ಪ್ರತಿ ಅಂಗಡಿಯಲ್ಲೂ ನೌಕರರ ಕೂಲಿಗೆ ವಾರಕ್ಕೆ ಇಷ್ಟೇ ಹಣ ಎಂಬ ಮಿತಿಯನ್ನು ಮೇಲಿನವರು ಗೊತ್ತುಮಾಡುತ್ತಿದ್ದರು. ಆ ಮಿತಿಯೊಳಗೆ ಬೇಕಾದಷ್ಟು ಜನರನ್ನು ಹಚ್ಚಲು ಆಗುತ್ತಿರಲಿಲ್ಲ. ಕೆಲಸವಂತೂ ಉಳಿಯುವಂತಿಲ್ಲ. ಎಷ್ಟು ಗಂಟೆ ದುಡಿದರೂ ಸಂಬಳ ಏರದ ಒಬ್ಬ ವ್ಯಕ್ತಿ ಅಂಗಡಿಯಲ್ಲಿದ್ದಾನಲ್ಲ! ಉಳಿದ ಕೆಲಸವೆಲ್ಲ ಅವನ ಹೆಗಲಿಗೇ ಬಿತ್ತು. ಓವರ್‌ಟೈಂ ಇಲ್ಲದ ಹುದ್ದೆಯ ಗುಟ್ಟೇ ಇದು. ನಲವತ್ತೊಂದನೆಯ ಗಂಟೆ ಮಾಲೀಕನಿಗೆ ಪುಕ್ಕಟೆಯಾಗಿ ಸಿಗುವಾಗ, ಅರವತ್ತನೆಯ ಗಂಟೆಯನ್ನು ಕೇಳಲು ಅವನು ಹಿಂಜರಿಯುವುದಿಲ್ಲ.

ಅಧಿಕಾರವಾದರೂ ಇತ್ತೇ? ಯಾವ ಸರಕು ಯಾವ ಜಾಗದಲ್ಲಿರಬೇಕು ಎಂಬುದರಿಂದ ಹಿಡಿದು ಅಂಗಡಿ ನಡೆಸುವ ಸಣ್ಣಪುಟ್ಟ ವಿವರಗಳವರೆಗೆ ಕೈಪಿಡಿಗಳು ಕೇಂದ್ರ ಕಚೇರಿಯಿಂದ ಬರುತ್ತಿದ್ದವು. ದೊಡ್ಡ ನಿರ್ಧಾರಗಳು ಹಲವು ಅಂಗಡಿಗಳ ಮೇಲ್ವಿಚಾರಣೆ ನಡೆಸುವ ಜಿಲ್ಲಾ ಮ್ಯಾನೇಜರರ ಕೈಯಲ್ಲಿದ್ದವು. ಗಂಟೆಗಳ ಮೇಲೆ ಸಂಬಳವನ್ನು ಭಾಗಿಸಿ ನೋಡಿದರೆ, ಮ್ಯಾನೇಜರಿಗೂ ಅವನ ಕೈಕೆಳಗಿನ ಸಹಾಯಕನಿಗೂ ಹೆಚ್ಚಿನ ಅಂತರವಿರಲಿಲ್ಲ. ಸಂಸ್ಥೆಗೆ ಮುಳುವಾದ ಸಂಗತಿ ಇನ್ನೊಂದಿತ್ತು. ಅಂಗಡಿ ಚಿಕ್ಕದೋ ದೊಡ್ಡದೋ, ಅಲ್ಲಿನ ಮ್ಯಾನೇಜರ್ ನಿಜಕ್ಕೂ ಮಾಡುವ ಕೆಲಸವೇನು ಎಂಬುದನ್ನು ಪರಿಶೀಲಿಸದೆ, ಎಲ್ಲರನ್ನೂ ಸಾರಾಸಗಟಾಗಿ ‘ಓವರ್‌ಟೈಂ ಇಲ್ಲದವರು’ ಎಂಬ ಪಟ್ಟಿಗೆ ಸೇರಿಸಲಾಗಿತ್ತು.

2005ರ ಮೊದಲ ವಿಚಾರಣೆಯಲ್ಲಿ ಜ್ಯೂರಿಗಳಲ್ಲಿ ಒಮ್ಮತ ಮೂಡಲಿಲ್ಲ. 2006ರಲ್ಲಿ ಮತ್ತೆ ವಿಚಾರಣೆ ನಡೆಯಿತು. ಈ ಸಲ ಜ್ಯೂರಿ ನೌಕರರ ಪರ ನಿಂತಿತು. ಸಂಸ್ಥೆ ಬೇಕೆಂದೇ ಕಾಯ್ದೆ ಮೀರಿದೆ ಎಂದೂ ಹೇಳಿತು. ಈ ‘ಬೇಕೆಂದೇ’ ಎಂಬ ಮಾತಿಗೆ ಬೆಲೆಯಿದೆ. ಸಾಮಾನ್ಯವಾಗಿ ಹಿಂದಿನ ಎರಡು ವರ್ಷಗಳ ಬಾಕಿ ಮಾತ್ರ ಕೇಳಬಹುದು. ಬೇಕೆಂದೇ ಮಾಡಿದ್ದೆಂದಾದರೆ ಮೂರು ವರ್ಷ. ಬಾಕಿ ಓವರ್‌ಟೈಂ ಸುಮಾರು 1 ಕೋಟಿ 78 ಲಕ್ಷ ಡಾಲರ್ ಎಂದು ಲೆಕ್ಕವಾಯಿತು. ಕಾಯ್ದೆಯ ಪ್ರಕಾರ ಅಷ್ಟೇ ಮೊತ್ತ ಪರಿಹಾರವಾಗಿ ಸೇರಿ ಒಟ್ಟು ಸುಮಾರು 3 ಕೋಟಿ 56 ಲಕ್ಷ ಡಾಲರ್ ಆಯಿತು. ತಲಾ ಹಂಚಿದರೆ ಸರಾಸರಿ 25 ಸಾವಿರ ಡಾಲರ್. 2008ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಈ ತೀರ್ಪನ್ನು ಎತ್ತಿಹಿಡಿಯಿತು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸಂಸ್ಥೆಯ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ದಾವೆ ಹೂಡಿ ಆಗಲೇ ಎಂಟು ವರ್ಷ ದಾಟಿತ್ತು.

<b>ಅದೇ ಸಂಸ್ಥೆ, ಬೇರೆ ತೀರ್ಪು</b>

ಕಥೆ ಇಲ್ಲಿಗೇ ಮುಗಿದಿದ್ದರೆ ‘ಅಂಗಡಿಯ ಮ್ಯಾನೇಜರಿಗೆ ಓವರ್‌ಟೈಂ ಉಂಟು’ ಎಂದು ಬರೆದು ಸುಮ್ಮನಾಗಬಹುದಿತ್ತು. ಆದರೆ 2011ರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯದ ಮುಂದೆ ಅದೇ ಸಂಸ್ಥೆಯ ಮತ್ತೊಬ್ಬ ಮ್ಯಾನೇಜರರ ದೂರು ಬಂತು. ಆಕೆಯೂ ಲಾರಿಯಿಂದ ಸರಕು ಇಳಿಸುತ್ತಿದ್ದರು, ಗಲ್ಲಾದಲ್ಲಿ ನಿಲ್ಲುತ್ತಿದ್ದರು, ನೆಲ ಗುಡಿಸುತ್ತಿದ್ದರು. ಬಹುಪಾಲು ಹೊತ್ತು ಅದಕ್ಕೇ ಹೋಗುತ್ತಿತ್ತೆಂದು ಹೇಳಿದರು. ಆದರೂ ಆಕೆ ಸೋತರು.

ನ್ಯಾಯಾಲಯದ ತರ್ಕ ಹೀಗಿತ್ತು: ಗಲ್ಲಾದಲ್ಲಿ ನಿಂತಾಗಲೂ ಆಕೆಯೇ ಅಂಗಡಿಯ ಹೊಣೆಗಾರ್ತಿ. ಯಾರು ಯಾವ ಹೊತ್ತಿಗೆ ಬರಬೇಕು, ಯಾವ ಕೆಲಸ ಮೊದಲಾಗಬೇಕು, ಗಿರಾಕಿಯ ದೂರಿಗೆ ಏನು ಮಾಡಬೇಕು ಎಂಬುದನ್ನು ಆಕೆಯೇ ನೋಡಿಕೊಳ್ಳುತ್ತಿದ್ದರು. ಕೈ ಪೊರಕೆ ಹಿಡಿದಿದ್ದರೂ ಮನಸ್ಸು ಅಂಗಡಿ ನಡೆಸುತ್ತಿತ್ತು. ಅಂಗಡಿಯ ಲಾಭ ಆಕೆಯ ಆ ನಿರ್ವಹಣೆಯನ್ನೇ ಅವಲಂಬಿಸಿತ್ತು. ಎರಡೂ ಕೆಲಸ ಏಕಕಾಲಕ್ಕೆ ನಡೆಯಬಹುದೆಂದು ಅಲ್ಲಿನ ನಿಯಮವೇ ಒಪ್ಪುತ್ತದೆ. ಆದ್ದರಿಂದ ಬರೀ ಗಂಟೆಗಳ ಪಾಲು ನೋಡಿ ತೀರ್ಮಾನಿಸಲಾಗದು.

ಇದೆಂಥ ನ್ಯಾಯ ಎನ್ನಿಸಬಹುದು. ಒಂದೇ ಸಂಸ್ಥೆ, ಒಂದೇ ಹುದ್ದೆ, ಎರಡು ತೀರ್ಪು! ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಂದು ಮಾತು ಸಮಾನವಾಗಿರುವುದು ಕಾಣುತ್ತದೆ. ಎರಡು ನ್ಯಾಯಾಲಯಗಳೂ ಹುದ್ದೆಯ ಹೆಸರಿಗೆ ಬೆಲೆ ಕೊಡಲಿಲ್ಲ. ಅಂಗಡಿಯಲ್ಲಿ ದಿನವಿಡೀ ನಡೆದದ್ದೇನು ಎಂದೇ ಎರಡೂ ಕೇಳಿದವು. ಒಂದು ಕಡೆ ನಿರ್ಧಾರ ಬೇರೆಯವರದಾಗಿ ದುಡಿಮೆ ಮಾತ್ರ ಇವರದಾಗಿತ್ತು; ಇನ್ನೊಂದು ಕಡೆ ನಿರ್ಧಾರವೂ ದುಡಿಮೆಯೂ ಒಬ್ಬರದೇ ಎಂದು ಕಂಡಿತು. ಈ ಗೆರೆ ಬಹಳ ತೆಳ್ಳಗಿನದು. ಅದಕ್ಕೇ ಇಂಥ ವ್ಯಾಜ್ಯಗಳಲ್ಲಿ ಸಾಕ್ಷ್ಯ, ದಾಖಲೆಗಳೇ ಗೆಲ್ಲಿಸುವುದು ಅಥವಾ ಸೋಲಿಸುವುದು.

ಹೊರಗೆ ತಿರುಗಾಡುವ ಮಾರಾಟಗಾರರದೂ ಇದೇ ಪಾಡು. ಅಂಗಡಿಯೊಳಗೆ ನಿಂತು ಮಾರುವವನು ‘ಹೊರಗಿನ ಮಾರಾಟಗಾರ’ ಆಗಲಾರ; ಅದು ಸುಲಭ. ಆದರೆ ಅಂಗಡಿಯಿಂದ ಅಂಗಡಿಗೆ ಹೋಗಿ ಸರಕು ಜೋಡಿಸಿ, ಖಾಲಿಯಾದದ್ದನ್ನು ಬರೆದುಕೊಂಡು ಬರುವವನು? ವಾಷಿಂಗ್ಟನ್ ನಗರದ ಸುತ್ತ ಆಹಾರ ಪದಾರ್ಥ ಸರಬರಾಜು ಮಾಡುವ ಇ.ಎಂ.ಡಿ. ಸೇಲ್ಸ್ ಎಂಬ ಕಂಪನಿಯ ನೌಕರರು ಈ ಪ್ರಶ್ನೆ ಎತ್ತಿದರು. ದೊಡ್ಡ ಅಂಗಡಿಗಳ ಜತೆ ವ್ಯಾಪಾರ ಕುದುರಿಸುವವರು ಮೇಲಿನವರು, ತಾವು ರ್ಯಾಕ್ ತುಂಬಿಸುವವರು ಎಂಬುದು ಅವರ ಅಳಲು. ಕೆಳಗಿನ ನ್ಯಾಯಾಲಯ ಅದನ್ನು ಒಪ್ಪಿತು. ಸುಪ್ರೀಂ ಕೋರ್ಟಿಗೆ ಹೋದದ್ದು ಬೇರೊಂದು ಅಂಶ: ‘ಇವನಿಗೆ ಓವರ್‌ಟೈಂ ಇಲ್ಲ’ ಎಂದು ಮಾಲೀಕ ಎಷ್ಟು ಗಟ್ಟಿಯಾಗಿ ರುಜುವಾತು ಮಾಡಬೇಕು? 2025ರ ಜನವರಿ 15ರಂದು ಎಲ್ಲ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಉತ್ತರಿಸಿದರು. ರುಜುವಾತಿನ ಹೊಣೆ ಮಾಲೀಕನದೇ. ಆದರೆ ಸಾಮಾನ್ಯ ಸಿವಿಲ್ ವ್ಯಾಜ್ಯದಂತೆ ತಕ್ಕಡಿ ಅವನ ಕಡೆ ಸ್ವಲ್ಪ ವಾಲಿದರೂ ಸಾಕು, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದರು. ಹೊಣೆ ಮಾಲೀಕನ ಮೇಲೇ ಉಳಿದದ್ದು ನೌಕರನಿಗೆ ಸಮಾಧಾನ, ಅಳತೆ ಸಡಿಲವಾದದ್ದು ಮಾಲೀಕನಿಗೆ ಸಮಾಧಾನ.

<b>ನೀವೇ ಲೆಕ್ಕ ಹಾಕಿ</b>

ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಅಮೆರಿಕದ ಒಂದು ಅಂಗಡಿಯಲ್ಲಿ ಸಹಾಯಕನಿಗೆ ಗಂಟೆಗೆ 12 ಡಾಲರ್ ಎಂದಿಟ್ಟುಕೊಳ್ಳಿ. ವಾರಕ್ಕೆ 60 ಗಂಟೆ ದುಡಿದರೆ ಮೊದಲ 40 ಗಂಟೆಗೆ 480 ಡಾಲರ್. ಉಳಿದ 20 ಗಂಟೆಗೆ ಒಂದೂವರೆ ಪಟ್ಟು, ಅಂದರೆ 18 ಡಾಲರಿನಂತೆ 360. ಒಟ್ಟು 840 ಡಾಲರ್. ಈಗ ಅವನಿಗೆ ಬಡ್ತಿ ಸಿಕ್ಕಿ ಮ್ಯಾನೇಜರ್ ಆದ, ವಾರಕ್ಕೆ 700 ಡಾಲರ್ ನಿಗದಿತ ಸಂಬಳ ಎನ್ನೋಣ. 40 ಗಂಟೆಗೆ 480 ಬರುತ್ತಿದ್ದವನಿಗೆ 700 ಎಂದರೆ ದೊಡ್ಡ ಬಡ್ತಿಯಂತೆ ಕಾಣುತ್ತದೆ. ಆದರೆ 60 ಗಂಟೆ ದುಡಿದರೆ ಗಂಟೆಗೆ ಬೀಳುವುದು 11 ಡಾಲರ್ 67 ಸೆಂಟ್. ಹಳೆಯ ಕೂಲಿಗಿಂತ ಕಡಿಮೆ! ವಾರಕ್ಕೆ 140 ಡಾಲರ್ ಕೈಬಿಟ್ಟು ಅವನು ಒಂದು ಹೆಸರನ್ನು ಕೊಂಡ ಹಾಗಾಯಿತು.

ಆದ್ದರಿಂದ ಯಾವ ಸಂಬಳವನ್ನೂ ತಿಂಗಳ ಮೊತ್ತವೊಂದನ್ನೇ ನೋಡಿ ಅಳೆಯಬಾರದು. ಗಂಟೆಯಿಂದ ಭಾಗಿಸಿದಾಗಲೇ ಅದರ ನಿಜವಾದ ಬೆಲೆ ತಿಳಿಯುವುದು.

<b>ನಮ್ಮಲ್ಲಿ ಹೇಗೆ?</b>

ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಒಂದು ವಿಷಯದಲ್ಲಿ ಅಮೆರಿಕದ್ದಕ್ಕಿಂತ ಉದಾರ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಹಾಕಿ, ಅದನ್ನು ಮೀರಿದ ಗಂಟೆಗಳಿಗೆ ಎರಡು ಪಟ್ಟು ಕೂಲಿ ಕೊಡಬೇಕೆಂದಿತು. ಓವರ್‌ಟೈಂ ಸೇರಿದರೂ ದಿನಕ್ಕೆ 10 ಗಂಟೆ ದಾಟಬಾರದು, ಸ್ಟಾಕ್ ಎಣಿಕೆಯಂಥ ದಿನಗಳು ಮಾತ್ರ ಬೇರೆ. ಮೂರು ತಿಂಗಳಲ್ಲಿ ಒಟ್ಟು ಓವರ್‌ಟೈಂ 50 ಗಂಟೆ ಮೀರಬಾರದು. ಸತತ ಐದು ಗಂಟೆ ದುಡಿದ ಮೇಲೆ ಒಂದು ಗಂಟೆ ಬಿಡುವು, ವಾರಕ್ಕೊಂದು ರಜೆ ಇವೂ ಆ ಕಾಯ್ದೆಯಲ್ಲಿವೆ. ದಿನದ ಮಿತಿಯನ್ನು ಹೆಚ್ಚಿಸುವ ಪ್ರಸ್ತಾಪ 2025ರಲ್ಲಿ ಬಂದಾಗ ಕಾರ್ಮಿಕ ಸಂಘಟನೆಗಳು ಅದನ್ನು ವಿರೋಧಿಸಿದವು.

ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗಳು ದಿನದ 24 ಗಂಟೆಯೂ ತೆರೆದಿರಬಹುದೆಂದು ಸರ್ಕಾರ 2021ರ ಜನವರಿಯಲ್ಲಿ ಆದೇಶ ಹೊರಡಿಸಿದಾಗಲೂ ನೌಕರರ ಗಂಟೆಯ ಮಿತಿಯನ್ನು ಕೈಬಿಡಲಿಲ್ಲ. ತೆರೆದಿರಬೇಕಾದದ್ದು ಅಂಗಡಿಯ ಬಾಗಿಲು, ನೌಕರನ ಕಣ್ಣಲ್ಲ!

ರೂಪಾಯಿಯ ಲೆಕ್ಕವನ್ನೂ ನೋಡೋಣ. ಗಂಟೆಗೆ 100 ರೂಪಾಯಿ ಬೀಳುವ ನೌಕರ ವಾರದ ಆರು ದಿನವೂ 10 ಗಂಟೆ ದುಡಿದರೆ ಒಟ್ಟು 60 ಗಂಟೆ. ಮಿತಿಗಿಂತ ಹೆಚ್ಚಾದದ್ದು 12 ಗಂಟೆ. ಎರಡು ಪಟ್ಟಿನ ಲೆಕ್ಕದಲ್ಲಿ ವಾರಕ್ಕೆ 2,400 ರೂಪಾಯಿ. ನಾಲ್ಕು ವಾರಕ್ಕೆ 9,600. ಒಂದು ಮನೆಯ ಬಾಡಿಗೆಗೋ ತಂಗಿಯ ಕಾಲೇಜು ಫೀಸಿಗೋ ಆಗುವ ಹಣ. ಇನ್ನೊಂದನ್ನೂ ಗಮನಿಸಿ. ಈ ವೇಗದಲ್ಲಿ ದುಡಿದರೆ ಮೂರು ತಿಂಗಳ 50 ಗಂಟೆಯ ಮಿತಿ ಐದನೆಯ ವಾರದಲ್ಲೇ ಮುಗಿಯುತ್ತದೆ. ಅಂದರೆ ವರ್ಷವಿಡೀ ಹೀಗೆ ದುಡಿಸುವುದು ಹಣ ಕೊಟ್ಟರೂ ಸಲ್ಲದು.

ನಮ್ಮ ಕಾಯ್ದೆಯಲ್ಲೂ ಆ ಬಾಗಿಲಿದೆ ಎಂದೆನಲ್ಲ, ಅದು ಇದು: ಸಂಸ್ಥೆಯ ಆಡಳಿತ ಸ್ಥಾನದಲ್ಲಿರುವವರಿಗೆ ಈ ರಕ್ಷಣೆಗಳಿಲ್ಲ. ಆಡಳಿತ ಸ್ಥಾನ ಎಂದರೆ ಯಾವುದು? ಹುದ್ದೆಯ ಹೆಸರೇ, ಮಾಡುವ ಕೆಲಸವೇ? ಕೈಗಾರಿಕಾ ವಿವಾದ ಕಾಯ್ದೆಯಡಿ ಬಂದ ಸೀಬಾ ಗೈಗಿ ಕಂಪನಿಯ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು 1985ರಲ್ಲಿ ಇಂಥದೇ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಒಬ್ಬ ನೌಕರ ಹಲವು ಬಗೆಯ ಕೆಲಸ ಮಾಡುತ್ತಿದ್ದರೆ ಅವನ ಮೂಲ ಹಾಗೂ ಪ್ರಧಾನ ಕೆಲಸ ಯಾವುದೆಂದು ಹುಡುಕಬೇಕು. ಜತೆಗೆ ಅಂಟಿಸಿದ ಒಂದೆರಡು ಮೇಲ್ವಿಚಾರಣೆಯ ಕೆಲಸಗಳಿಂದ ಅವನ ಸ್ವರೂಪ ಬದಲಾಗದು ಎಂಬುದು ಅದರ ಸಾರ. ಆ ಹಳೆಯ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅದೇ ದಿನ ಜಾರಿಗೆ ಬಂದ ವೇತನ ಸಂಹಿತೆಯೂ ಓವರ್‌ಟೈಮಿಗೆ ಎರಡು ಪಟ್ಟಿಗಿಂತ ಕಡಿಮೆ ಕೊಡಬಾರದೆನ್ನುತ್ತದೆ. ಕಾಯ್ದೆಯ ಹೆಸರು ಬದಲಾದರೂ ಹೆಸರಿಗಿಂತ ಕೆಲಸ ಮುಖ್ಯ ಎಂಬ ವಿವೇಕ ಹಳತಾಗುವಂಥದಲ್ಲ.

<b>ಕೆಲಸಕ್ಕೆ ಸೇರುವ ಮುನ್ನ, ಸೇರಿದ ಮೇಲೆ</b>

ಹೆತ್ತವರೇ, ಮಗಳೋ ಮಗನೋ ನೇಮಕಾತಿ ಪತ್ರ ತಂದಾಗ ಸಂಬಳದ ಅಂಕಿಯ ಜತೆಗೆ ಇನ್ನೂ ನಾಲ್ಕು ವಿಷಯ ಕೇಳಿ ತಿಳಿದುಕೊಳ್ಳಿ. ದಿನಕ್ಕೆ ಎಷ್ಟು ಗಂಟೆ ಕೆಲಸ? ವಾರದ ರಜೆ ಯಾವಾಗ? ಹೊತ್ತು ಮೀರಿದರೆ ಹಣ ಕೊಡುತ್ತಾರೆಯೇ? ಹುದ್ದೆಗೆ ‘ಮ್ಯಾನೇಜರ್’ ಎಂಬ ಹೆಸರಿದ್ದರೆ ಕೈಕೆಳಗೆ ಎಷ್ಟು ಜನ, ಅವರ ವಿಷಯದಲ್ಲಿ ಇವನ ಮಾತು ನಡೆಯುತ್ತದೆಯೇ? ಕೆಲಸಕ್ಕೆ ಸೇರಿದ ಮೂವತ್ತು ದಿನಗಳೊಳಗೆ ನೇಮಕಾತಿ ಆದೇಶ ಕೊಡಬೇಕೆಂದು ನಮ್ಮ ಕಾಯ್ದೆಯೇ ಹೇಳುತ್ತದೆ. ‘ಬಾಯಿ ಮಾತು ಸಾಕು, ನಮ್ಮವರೇ’ ಎಂದು ಬಿಡಬೇಡಿ.

ವಿದ್ಯಾರ್ಥಿಗಳೇ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಒಂದು ಎರಡು ರೂಲಿನ ನೋಟ್‌ಬುಕ್ ಇಟ್ಟುಕೊಳ್ಳಿ. ಬಂದ ಹೊತ್ತು, ಹೊರಟ ಹೊತ್ತು, ಊಟದ ಬಿಡುವು, ಆ ದಿನ ಮಾಡಿದ ಮುಖ್ಯ ಕೆಲಸ ಇಷ್ಟನ್ನು ದಿನವೂ ಬರೆಯಿರಿ. ಎರಡು ನಿಮಿಷದ ಕೆಲಸ. ಇದರ ಮಹತ್ವ ತಿಳಿಯಬೇಕಾದರೆ 1946ರ ಒಂದು ಅಮೆರಿಕನ್ ತೀರ್ಪು ನೆನಪಿಡಿ. ಮೌಂಟ್ ಕ್ಲೆಮೆನ್ಸ್ ಎಂಬ ಕುಂಬಾರಿಕೆ ಕಾರ್ಖಾನೆಯ ಮೊಕದ್ದಮೆ ಅದು. ಗಂಟೆಗಳ ಲೆಕ್ಕ ಇಡಬೇಕಾದವನು ಮಾಲೀಕ. ಅವನೇ ಸರಿಯಾಗಿ ಇಟ್ಟಿಲ್ಲವೆಂದರೆ ನೌಕರನಿಗೆ ಆ ಶಿಕ್ಷೆಯಾಗಬಾರದು. ನಂಬಲರ್ಹವಾದ ಅಂದಾಜನ್ನು ನೌಕರ ಕೊಟ್ಟರೆ ಸಾಕು, ತಪ್ಪೆಂದು ತೋರಿಸುವುದು ಮಾಲೀಕನ ಹೊಣೆ ಎಂದು ಸುಪ್ರೀಂ ಕೋರ್ಟು ಹೇಳಿತು. ನಮ್ಮ ಕಾರ್ಮಿಕ ಇಲಾಖೆಯ ನಿರೀಕ್ಷಕರ ಮುಂದೆ ಹೋದಾಗಲೂ ‘ತುಂಬಾ ದುಡಿಸುತ್ತಾರೆ ಸಾರ್’ ಎಂಬ ಮಾತಿಗಿಂತ ತಾರೀಖು ಸಮೇತ ಬರೆದ ಪುಸ್ತಕಕ್ಕೆ ಬೆಲೆ ಹೆಚ್ಚು. ಸಂಬಳದ ಚೀಟಿ, ಡ್ಯೂಟಿ ಪಟ್ಟಿ, ‘ನಾಳೆ ಬೇಗ ಬಾ’ ಎಂದು ಬಂದ ಸಂದೇಶಗಳನ್ನೂ ಜೋಪಾನ ಮಾಡಿ.

ಕೇಳಿದರೆ ಕೆಲಸ ಹೋದೀತು ಎಂಬ ಭಯ ಸುಳ್ಳಲ್ಲ. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳಬಾರದೆಂದು ಅಮೆರಿಕದ ಕಾಯ್ದೆ ಹೇಳಿದರೂ ಅಲ್ಲಿಯೂ ಈ ಭಯ ಇದ್ದೇ ಇದೆ. ಆ 1,424 ಮಂದಿಯೂ ಒಬ್ಬೊಬ್ಬರೇ ಹೋಗಿದ್ದರೆ ಎಷ್ಟು ಮಂದಿ ಉಳಿಯುತ್ತಿದ್ದರೋ! ಒಟ್ಟಿಗೆ ಕೇಳಿದ್ದರಿಂದ ಎಂಟು ವರ್ಷದ ಹಾದಿ ಸವೆಸಲು ಆಯಿತು. ಹಾಗೆಂದು ಮೊದಲ ದಿನವೇ ಜಗಳಕ್ಕೆ ನಿಲ್ಲಬೇಕಿಲ್ಲ. ಜತೆಯವರೊಡನೆ ಮಾತಾಡಿ, ಲೆಕ್ಕ ಹೊಂದಿಸಿಕೊಂಡು, ವಿನಯದಿಂದ ಕೇಳಿದರೆ ಒಪ್ಪುವ ಮಾಲೀಕರೂ ಇದ್ದಾರೆ. ಹಲವು ಸಣ್ಣ ವ್ಯಾಪಾರಿಗಳಿಗೆ ಈ ನಿಯಮವೇ ಗೊತ್ತಿರುವುದಿಲ್ಲ. ಒಪ್ಪದಿದ್ದಾಗ ಇಲಾಖೆ ಇದೆ, ಕಾರ್ಮಿಕ ಸಂಘಗಳಿವೆ, ಜಿಲ್ಲೆಗೊಂದು ಕಾನೂನು ಸೇವೆಗಳ ಪ್ರಾಧಿಕಾರವಿದೆ. ಆದರೆ ಬಹಳ ತಡಮಾಡಬೇಡಿ. ಹಕ್ಕಿನ ಬಾಕಿಗೂ ಕಾಲಮಿತಿ ಉಂಟು.

ದುಡಿಮೆಗೆ ಹೆದರುವ ಮಕ್ಕಳನ್ನು ಬೆಳೆಸಬೇಕೆಂದು ಯಾರೂ ಹೇಳುವುದಿಲ್ಲ. ಅಂಗಡಿಯ ಕೆಲಸ ಗೌರವದ್ದೇ. ಗಿರಾಕಿಯೊಡನೆ ಮಾತಾಡುವ ಚಾತುರ್ಯ, ಲೆಕ್ಕದ ಚುರುಕು, ತಾಳ್ಮೆ ಎಲ್ಲವನ್ನೂ ಅದು ಕಲಿಸುತ್ತದೆ. ನಿಜವಾಗಿಯೂ ಅಂಗಡಿ ನಡೆಸುವ ಹೊಣೆ ಸಿಕ್ಕರೆ ಗಡಿಯಾರ ನೋಡದೆ ದುಡಿಯುವುದರಲ್ಲೂ ಒಂದು ಸಂತೋಷವಿದೆ. ಆದರೆ ಹೊಣೆಯನ್ನು ಕೊಡದೆ ಹೆಸರನ್ನಷ್ಟೇ ಕೊಟ್ಟಾಗ, ಆ ಹೆಸರಿಗಾಗಿ ಮಗ ಪ್ರತಿ ವಾರ ಎಷ್ಟು ಗಂಟೆ ಬಿಟ್ಟುಕೊಡುತ್ತಿದ್ದಾನೆ ಎಂದು ಕೇಳುವ ಹಕ್ಕು ಮನೆಯವರಿಗಿದೆ. ಈ ತಿಂಗಳ ಸಂಬಳ ಬಂದಾಗ ಅದನ್ನು ದುಡಿದ ಗಂಟೆಗಳಿಂದ ಭಾಗಿಸಿ ನೋಡಿ. ಬಂದ ಅಂಕಿ ಏನು ಹೇಳುತ್ತದೆಂದು ಮನೆಮಂದಿಯೆಲ್ಲ ಕುಳಿತು ಮಾತಾಡಿ.